ಹಳೆಯ ಟಿ.ವಿ.ಗಳ ದುರಸ್ತಿ: ಒಂದು ಹವ್ಯಾಸ, ಒಂದು ವಿನಂತಿ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು’. ಆ ವಿಷಯದ ಮೇಲೆ ನನಗಿಂತ ಚೆನ್ನಾಗಿ ಮಾತನಾಡುವ ಮೂವರು ಇದೇ ಗೋಷ್ಠಿಯಲ್ಲಿದ್ದಾರೆ. ಹಾಗಾಗಿ ಅವರ ಅಪ್ಪಣೆ ಪಡೆದು ನಾನು ಸಂಬಳ ಕೊಡುವ ಕೆಲಸದ ಬಗ್ಗೆ ಅಲ್ಲ, ಸಂಬಳವನ್ನು ಖರ್ಚು ಮಾಡಿಸುವ ನನ್ನ ಹವ್ಯಾಸದ ಬಗ್ಗೆ ಮಾತನಾಡುತ್ತೇನೆ. ರಜೆ ಸಿಕ್ಕಾಗ ನಾನು ಹಳೆಯ ಟಿ.ವಿ.ಗಳನ್ನು ರಿಪೇರಿ ಮಾಡುತ್ತೇನೆ. ಗೋಡೆಗೆ ನೇತು ಹಾಕುವ ಈಗಿನ ಚಪ್ಪಟೆ ಟಿ.ವಿ. ಅಲ್ಲ. ಹಿಂದೆ ಉದ್ದನೆಯ ಗಾಜಿನ ಪಿಕ್ಚರ್ ಟ್ಯೂಬ್ ಇರುವ, ಮುಂದೆ ಮರದ ಶಟರ್ ಇರುವ, ಇಬ್ಬರು ಸೇರಿ ಎತ್ತಬೇಕಾದ ಪೆಟ್ಟಿಗೆಗಳು. ಬೆಂಗಳೂರಿನ ನನ್ನ ಎರಡು ಕೋಣೆಯ ಮನೆಯಲ್ಲಿ ಈಗ ಅಂಥ 11 ಸೆಟ್‌ಗಳಿವೆ. ನನ್ನ ಹೆಂಡತಿ ಇಲ್ಲೇ ಕುಳಿತಿದ್ದಾಳೆ, 12ನೆಯದು ಬರುವುದಿಲ್ಲ ಎಂದು ನಿಮ್ಮೆಲ್ಲರ ಮುಂದೆ ಮಾತು ಕೊಡುತ್ತೇನೆ.

ನಮ್ಮ ಶಾಲೆ ಶುರುವಾದದ್ದು 1975ರಲ್ಲಿ. ಅದೇ ವರ್ಷ ಆಗಸ್ಟ್ 1ರಂದು ನಮ್ಮ ಭಾಗದಲ್ಲಿ ಇನ್ನೊಂದು ಶಾಲೆಯೂ ಶುರುವಾಯಿತು. ಅದು ಆಕಾಶದಲ್ಲಿತ್ತು. ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ನಡೆಸಿದ ಆ ಪ್ರಯೋಗದ ಹೆಸರು ‘ಸೈಟ್’. ಎ.ಟಿ.ಎಸ್.-6 ಎಂಬ ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸುವುದು ಅದರ ಉದ್ದೇಶ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಆ ಭಾಗ್ಯ ಬೆಂಗಳೂರು, ಮೈಸೂರಿಗೆ ಸಿಗಲಿಲ್ಲ. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಸಿಕ್ಕಿತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ಕಡೆಯ ರೈತರು ಪಂಚಾಯಿತಿ ಕಟ್ಟೆಯ ಮುಂದೆ ಕುಳಿತು ಟಿ.ವಿ. ನೋಡಿದ್ದರು! ‘ಹಿಂದುಳಿದ ಭಾಗ’ ಎಂದು ಯಾರಾದರೂ ಅಂದರೆ ಇದನ್ನು ನೆನಪಿಟ್ಟುಕೊಂಡು ಹೇಳಿ.

ಆ ಸೆಟ್‌ಗಳನ್ನು ತಯಾರಿಸಿದ್ದು ಹೈದರಾಬಾದಿನ ಇ.ಸಿ.ಐ.ಎಲ್. ಅವುಗಳಿಗೆ ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯಿಂದಲೇ ಮಾಡಿದ, ಮೂರು ಮೀಟರ್ ಅಗಲದ ಡಿಶ್ ಇರುತ್ತಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಕಲ್ಯಾಣದ ಕಾರ್ಯಕ್ರಮ. ಒಂದು ವರ್ಷ ಮುಗಿದ ಮೇಲೆ, 1976ರ ಜುಲೈ 31ರಂದು ಪ್ರಯೋಗ ನಿಂತಿತು, ಉಪಗ್ರಹವನ್ನು ಬೇರೆಡೆಗೆ ಸರಿಸಿದರು. 1977ರಲ್ಲಿ ಗುಲಬರ್ಗಾಕ್ಕೆ ನೆಲದ ಟ್ರಾನ್ಸ್‌ಮಿಟರ್ ಬಂತು. ಈ ಕನಸನ್ನು ಮೊದಲು ಕಂಡ ವಿಕ್ರಮ್ ಸಾರಾಭಾಯಿ ಅವರು 1971ರಲ್ಲೇ ತೀರಿಕೊಂಡಿದ್ದರು. ಅವರು ನೋಡದ ಟಿ.ವಿ.ಯನ್ನು ನಮ್ಮ ಅಜ್ಜ ಅಜ್ಜಿಯರು ನೋಡಿದರು.

ನಾನು ಹುಟ್ಟುವ ಹೊತ್ತಿಗೆ ಟಿ.ವಿ. ಮನೆಮನೆಗೆ ಬರುತ್ತಿತ್ತು. ನನಗೆ ನೆನಪಿರುವುದು ಮಾಳಿಗೆ ಮೇಲಿನ ಆಂಟೆನಾ. ರವಿವಾರ ಸಿನಿಮಾ ಹಚ್ಚಿದಾಗ ಗಾಳಿ ಬೀಸಿದರೆ ಮುಗಿಯಿತು. ಅಪ್ಪ ಮೇಲೆ, ನಾನು ಅಂಗಳದಲ್ಲಿ, ಅವ್ವ ಒಳಗೆ. “ಬಂತೇನ?” “ಬಂತ್ರಿ... ಹೋತು, ಹೋತು! ತುಸು ಆ ಕಡೆ!” ಇದೆಲ್ಲ ಇಲ್ಲಿ ಕುಳಿತ ಅರ್ಧ ಮಂದಿಗೆ ಗೊತ್ತು, ನಗುತ್ತಿದ್ದೀರಿ. ಈಗಿನ ಮಕ್ಕಳಿಗೆ ಒಂದು ಮಾತು ಹೇಳುತ್ತೇನೆ. ಆ ಆಂಟೆನಾದ ಕಡ್ಡಿಗಳ ಉದ್ದ ಯಾರೋ ಮನಸ್ಸಿಗೆ ಬಂದಂತೆ ಕತ್ತರಿಸಿದ್ದಲ್ಲ. ನಾಲ್ಕನೆಯ ಚಾನೆಲ್ಲಿನ ಚಿತ್ರದ ಅಲೆ ಸೆಕೆಂಡಿಗೆ 6 ಕೋಟಿ 22 ಲಕ್ಷ 50 ಸಾವಿರ ಸಲ ಕಂಪಿಸುತ್ತದೆ. ಬೆಳಕಿನ ವೇಗವನ್ನು ಅದರಿಂದ ಭಾಗಿಸಿ, ಅಲೆಯ ಉದ್ದ ಸುಮಾರು 4.8 ಮೀಟರ್ ಬರುತ್ತದೆ. ಅದರ ಅರ್ಧ 2.4 ಮೀಟರ್. ಆಂಟೆನಾದ ಮುಖ್ಯ ಕಡ್ಡಿ ಹೆಚ್ಚು ಕಡಿಮೆ ಅಷ್ಟೇ ಉದ್ದ. ಹತ್ತನೆಯ ತರಗತಿಯ ಭೌತಶಾಸ್ತ್ರ ಪುಸ್ತಕದ ಒಂದು ಸೂತ್ರ ನಿಮ್ಮ ಮಾಳಿಗೆ ಮೇಲೆ ಕಾಗೆ ಕೂರುವ ಕಡ್ಡಿಯಾಗಿತ್ತು.

ಇನ್ನು ಪೆಟ್ಟಿಗೆಯ ಒಳಗೆ ಹೋಗೋಣ. ಹಳೆಯ ಟಿ.ವಿ. ಚಿತ್ರವನ್ನು ಒಮ್ಮೆಲೇ ತೋರಿಸುವುದಿಲ್ಲ. ಗಾಜಿನ ಟ್ಯೂಬಿನ ಹಿಂದಿನ ಕತ್ತಿನಿಂದ ಎಲೆಕ್ಟ್ರಾನುಗಳ ಒಂದು ಸಣ್ಣ ಧಾರೆ ಹೊರಟು ಮುಂದಿನ ಗಾಜಿಗೆ ಬಡಿಯುತ್ತದೆ. ಬಡಿದ ಜಾಗ ಬೆಳಗುತ್ತದೆ. ಆ ಧಾರೆಯನ್ನು ಕಾಂತದ ಸುರುಳಿಗಳು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓಡಿಸುತ್ತವೆ. ನಾವು ಹೊಲದಲ್ಲಿ ಕುಂಟೆ ಹೊಡೆದಂತೆ. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಸಾಲು, ಸೆಕೆಂಡಿಗೆ 25 ಚಿತ್ರ. ಮೊದಲು ಬೆಸ ಸಾಲು, ಆಮೇಲೆ ಸಮ ಸಾಲು, ಅಂದರೆ ಒಂದು ಸಾಲು ಬಿಟ್ಟು ಒಂದು ಸಾಲು. 625ನ್ನು 25ರಿಂದ ಗುಣಿಸಿ, 15,625 ಬರುತ್ತದೆ. ಸೆಕೆಂಡಿಗೆ ಅಷ್ಟು ಸಾಲು. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕುಂಟೆಯ ಹೋಲಿಕೆ ನನ್ನದಲ್ಲ. ಅಮೆರಿಕದ ಐಡಾಹೋ ರಾಜ್ಯದ ರಿಗ್ಬಿ ಎಂಬ ಸಣ್ಣ ಊರಿನಲ್ಲಿ ಫೈಲೋ ಫಾರ್ನ್ಸ್‌ವರ್ತ್ ಎಂಬ ಒಕ್ಕಲಿಗರ ಹುಡುಗನಿದ್ದ. 14ರ ವಯಸ್ಸಿನಲ್ಲಿ ಕುದುರೆ ಕಟ್ಟಿ ಹೊಲ ಹದ ಮಾಡುವಾಗ, ತಿರುಗಿ ನೋಡಿದರೆ ಸಾಲುಗಳು ಕಂಡವು. ಚಿತ್ರವನ್ನೂ ಹೀಗೆಯೇ ಸಾಲು ಸಾಲಾಗಿ ಎಲೆಕ್ಟ್ರಾನ್ ಧಾರೆಯಿಂದ ಬರೆಯಬಹುದಲ್ಲ ಎಂದು ಅವನಿಗೆ ಹೊಳೆಯಿತಂತೆ. 1922ರಲ್ಲಿ ತನ್ನ ಹೈಸ್ಕೂಲಿನ ರಸಾಯನಶಾಸ್ತ್ರದ ಮಾಸ್ತರರಾದ ಜಸ್ಟಿನ್ ಟಾಲ್ಮನ್ ಅವರ ಮುಂದೆ ಆ ಹುಡುಗ ಕರಿಹಲಗೆಯ ಮೇಲೆ ತನ್ನ ಯೋಚನೆಯನ್ನು ಬರೆದು ತೋರಿಸಿದ. ಮಾಸ್ತರರು “ಸುಮ್ಮನೆ ಕೂಡು, ಸಿಲಬಸ್ಸಿನಲ್ಲಿ ಇಲ್ಲ” ಎನ್ನಲಿಲ್ಲ. ಕೇಳಿಸಿಕೊಂಡರು, ನೆನಪಿಟ್ಟುಕೊಂಡರು. 1927ರ ಸೆಪ್ಟೆಂಬರ್ 7ರಂದು, 21ರ ವಯಸ್ಸಿನಲ್ಲಿ, ಫಾರ್ನ್ಸ್‌ವರ್ತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೂರ್ಣ ಎಲೆಕ್ಟ್ರಾನಿಕ್ ವಿಧಾನದಿಂದ ಒಂದು ಚಿತ್ರ ಕಳಿಸಿ ತೋರಿಸಿದ. ಚಿತ್ರ ಎಂದರೆ ಬರೀ ಒಂದು ಗೆರೆ.

ಮುಂದೆ ಆರ್.ಸಿ.ಎ. ಎಂಬ ದೊಡ್ಡ ಕಂಪನಿಯ ಜೊತೆ ಪೇಟೆಂಟ್ ವ್ಯಾಜ್ಯ ಬಂದಾಗ, ಹುಡುಗ ಬರೆದು ತೋರಿಸಿದ್ದ ನಕ್ಷೆಯನ್ನು ಟಾಲ್ಮನ್ ಮಾಸ್ತರರು ವರ್ಷಗಳ ನಂತರ ನೆನಪಿನಿಂದಲೇ ಬರೆದು ಸಾಕ್ಷಿ ಹೇಳಿದರು. 1934ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಫಾರ್ನ್ಸ್‌ವರ್ತ್ ಪರವಾಗಿ ತೀರ್ಪು ಕೊಟ್ಟಿತು. ಒಬ್ಬ ಹಳ್ಳಿ ಹೈಸ್ಕೂಲ್ ಮಾಸ್ತರ ವಿದ್ಯಾರ್ಥಿಯ ಮಾತು ಕೇಳಿಸಿಕೊಂಡಿದ್ದು ಎಷ್ಟು ದೂರ ಹೋಯಿತು ನೋಡಿ. ಇಲ್ಲಿ ಕುಳಿತ ನನ್ನ ಗುರುಗಳಿಗೆ ನಾನು ಶಾಲು, ಹಾರಕ್ಕಿಂತ ಈ ಕಥೆಯನ್ನೇ ಕಾಣಿಕೆಯಾಗಿ ಕೊಡಬೇಕೆಂದು ಬಂದೆ.

ಈಗ ರಿಪೇರಿಯ ಮಾತು. ನನಗೆ ಇದನ್ನು ಕಲಿಸಿದ್ದು ಬಿ.ಇ. ಪದವಿ ಅಲ್ಲ. ಕಾಲೇಜಿನಲ್ಲಿ ಟಿ.ವಿ.ಯ ಬ್ಲಾಕ್ ಡಯಾಗ್ರಾಮ್ ಬರೆದು ಅಂಕ ಪಡೆದಿದ್ದೆ, ಅಷ್ಟೇ. ಕಲಿಸಿದ್ದು ಕಲಬುರಗಿಯ ಒಂದು ಓಣಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು. ರೇಡಿಯೋ ಕಾಲದಿಂದ ಈ ಕಸುಬು ಮಾಡಿದವರು. ನಾನು ಅವರನ್ನು ಉಸ್ತಾದ್ ಎಂದೇ ಕರೆಯುತ್ತೇನೆ. ಅವರು ನನ್ನನ್ನು ಚೇಷ್ಟೆಗೆ ‘ಇಂಜನೇರ್ ಸಾಬ್’ ಎನ್ನುತ್ತಾರೆ. ಅವರು ಕಲಿಸಿದ ಮೊದಲ ಪಾಠ, ಹಳೆಯ ಸೆಟ್ಟನ್ನು ತಂದ ಕೂಡಲೇ ಪ್ಲಗ್ಗಿಗೆ ಹಾಕಬಾರದು ಎಂಬುದು. “ಹದಿನೈದು ವರ್ಷ ಮಲಗಿದವನನ್ನು ಒಮ್ಮೆಲೇ ಎಬ್ಬಿಸಿ ಓಡು ಅಂದ್ರ ಓಡ್ತಾನೇನು?” ಎಂದು ಕೇಳುತ್ತಾರೆ.

ಸೆಟ್ಟಿಗೂ ಪ್ಲಗ್ಗಿಗೂ ನಡುವೆ ಒಂದು 100 ವ್ಯಾಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಬೇಕು. ಬಲ್ಬು ಪೂರ್ತಿ ಉರಿದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಒಮ್ಮೆ ಮಿಂಚಿ ಮಬ್ಬಾದರೆ ಮುಂದೆ ಹೋಗಬಹುದು. ಐವತ್ತು ರೂಪಾಯಿ ಒಳಗಿನ ಸಾಮಾನು, ಸಾವಿರಾರು ರೂಪಾಯಿಯ ಭಾಗಗಳನ್ನು ಉಳಿಸುತ್ತದೆ. ಸಾಫ್ಟ್‌ವೇರಿನಲ್ಲಿ ನಾವು ಹೊಸ ಕೋಡನ್ನು ನೇರವಾಗಿ ಗಿರಾಕಿಯ ಮುಂದೆ ಇಡುವುದಿಲ್ಲ, ಮೊದಲು ಬೇರೆ ಕಡೆ ಓಡಿಸಿ ನೋಡುತ್ತೇವೆ. ಅದೂ ಸೀರೀಸ್ ಬಲ್ಬೇ.

ಮಕ್ಕಳೇ, ಇಲ್ಲಿ ಒಂದು ಎಚ್ಚರಿಕೆ. ಮನೆಯಲ್ಲಿ ಹಳೆಯ ಟಿ.ವಿ. ಇದ್ದರೆ ಅದರ ಹಿಂದಿನ ಮುಚ್ಚಳವನ್ನು ನೀವಾಗಿ ತೆಗೆಯಲೇಬಾರದು. ಕಪ್ಪು ಬಿಳುಪು ಸೆಟ್ಟಿನ ಟ್ಯೂಬಿಗೆ 15,000 ವೋಲ್ಟಿನ ಆಸುಪಾಸು ಬೇಕು, ಬಣ್ಣದ್ದಕ್ಕೆ 20,000ಕ್ಕೂ ಮೇಲೆ. ಸ್ವಿಚ್ ಬಂದ್ ಮಾಡಿದ ಮೇಲೂ ಆ ಗಾಜಿನ ಟ್ಯೂಬು ಕೆಪಾಸಿಟರಿನಂತೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಎಷ್ಟೋ ಸೆಟ್‌ಗಳ ಒಳಗಿನ ಚಾಸಿಸ್ ನೇರವಾಗಿ ಮೇನ್ಸಿಗೇ ಸೇರಿರುತ್ತದೆ. ಟ್ಯೂಬಿನೊಳಗೆ ಗಾಳಿಯಿಲ್ಲ, ಒಡೆದರೆ ಚೂರು ಸಿಡಿಯುತ್ತದೆ. ಗಾಜಿನಲ್ಲಿ ಸೀಸವೂ ಇದೆ. ನಾನು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ, ಟ್ಯೂಬನ್ನು ಡಿಸ್ಚಾರ್ಜ್ ಮಾಡದೆ, ಪಕ್ಕದಲ್ಲಿ ಇನ್ನೊಬ್ಬರು ಇಲ್ಲದೆ ಕೈ ಹಾಕುವುದಿಲ್ಲ.

ಹಿಂದಿನ ವರ್ಷ ನಾವು ಸರಿಪಡಿಸಿದ ಒಂದು ಸೆಟ್ಟಿನ ಕಥೆ ಹೇಳಿದರೆ ಉಳಿದದ್ದು ತಿಳಿಯುತ್ತದೆ. ನಮ್ಮ ತಾಲ್ಲೂಕಿನದೇ ಒಂದು ಮನೆ. ಯಜಮಾನರು ಅಂಚೆ ಇಲಾಖೆಯಲ್ಲಿದ್ದವರು, ಈಗಿಲ್ಲ. 1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದಾಗ ಕಂತಿನ ಮೇಲೆ ತಂದ ಶಟರಿನ ಕಪ್ಪು ಬಿಳುಪು ಟಿ.ವಿ. ರವಿವಾರ ಬೆಳಿಗ್ಗೆ ಇಡೀ ಓಣಿ ಅವರ ಪಡಸಾಲೆಯಲ್ಲಿ ಕೂಡುತ್ತಿತ್ತು. ಸೆಟ್ಟು ಕೆಟ್ಟು 18 ವರ್ಷವಾಗಿತ್ತು. ಮಗ ಗುಜರಿಗೆ ಹಾಕೋಣ ಎಂದ, ಗುಜರಿಯವನು ತೂಕದ ಮೇಲೆ ರೇಟು ಹೇಳಿದ. ತಾಯಿ ಮಾತ್ರ ಬಿಡಲಿಲ್ಲ. ನಾನು ಬೆಂಗಳೂರಿಗೆ ಒಯ್ದು ಮಾಡಿಕೊಡುತ್ತೇನೆ ಎಂದಾಗಲೂ, “ಬ್ಯಾಡ ತಮ್ಮಾ, ಮನಿ ಬಿಟ್ಟು ಹೋದ್ದು ತಿರುಗಿ ಬರಂಗಿಲ್ಲ. ಇಲ್ಲೇ ಮಾಡು” ಎಂದರು. ಹಾಗಾಗಿ ದಸರಾ, ದೀಪಾವಳಿ, ಸಂಕ್ರಾಂತಿ, ಮೂರು ರಜೆಯಲ್ಲಿ ಉಸ್ತಾದರನ್ನು ಕರೆದುಕೊಂಡು ಹೋಗಿ ಅವರ ಪಡಸಾಲೆಯಲ್ಲೇ ಕೆಲಸ ಮಾಡಿದೆವು.

ದಸರೆಯಲ್ಲಿ ಧೂಳು ತೆಗೆದದ್ದು ಮತ್ತು ಇಲಿ ಕಡಿದ ವೈರ್ ಬದಲಿಸಿದ್ದು. ಸೀರೀಸ್ ಬಲ್ಬು ಪೂರ್ತಿ ಉರಿಯಿತು. ಹುಡುಕಿದಾಗ ಸಾಲುಗಳನ್ನು ಓಡಿಸುವ ದೊಡ್ಡ ಟ್ರಾನ್ಸಿಸ್ಟರ್, ಬಿ.ಯು. 205, ಶಾರ್ಟ್ ಆಗಿತ್ತು. ಅದು ಇಂದಿಗೂ ಸಿಗುತ್ತದೆ. ಒಣಗಿ ಹೋದ 14 ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳನ್ನು ಬದಲಿಸಿದೆವು. ಹಳೆಯ ಸೆಟ್ಟುಗಳಲ್ಲಿ ಮೊದಲು ಸಾಯುವುದು ಇವೇ. ಒಳಗಿನ ದ್ರವ ಆರಿಹೋಗುತ್ತದೆ, ನಮ್ಮ ಕಡೆಯ ಬಾವಿಗಳಂತೆ. ದೀಪಾವಳಿಯಲ್ಲಿ ಸ್ಪೀಕರಿನಿಂದ ‘ಸ್...’ ಎಂಬ ಸದ್ದು ಬಂತು. ಆ ಸದ್ದಿಗೇ ತಾಯಿ ಒಳಗಿನಿಂದ ಓಡಿ ಬಂದರು. ಆದರೆ ಬೆಳಕು ಬರಲಿಲ್ಲ. ಹೆಚ್ಚಿನ ವೋಲ್ಟೇಜು ತಯಾರಿಸುವ ಇ.ಎಚ್.ಟಿ. ಟ್ರಾನ್ಸ್‌ಫಾರ್ಮರಿನ ಒಳಸುತ್ತು ಸುಟ್ಟಿತ್ತು. ಆ ಮಾದರಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಸಿಗಲಿಲ್ಲ, ಸಂಡೇ ಬಜಾರಿನಲ್ಲೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಉಸ್ತಾದರ ಅಂಗಡಿಯ ಅಟ್ಟದ ಮೇಲೆ. ಯಾವುದೋ ಗುಜರಿ ಸೆಟ್ಟಿನಿಂದ ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಉರ್ದುವಿನಲ್ಲಿ ಹೆಸರು ಬರೆದು 30 ವರ್ಷ ಇಟ್ಟಿದ್ದರು. “ಯಾರಿಗಾದ್ರೂ ಬೇಕಾಗ್ತದ ಅಂತ ಗೊತ್ತಿತ್ತು” ಎಂದರು.

ಸಂಕ್ರಾಂತಿಯ ಮರುದಿನ ಅದನ್ನು ಕೂಡಿಸಿ ಸ್ವಿಚ್ ಹಾಕಿದೆವು. ಆಗ 15,625 ಎಂಬ ಸಂಖ್ಯೆ ನೆನಪಿಡಿ ಎಂದೆನಲ್ಲ, ಅದು ಬಂತು. ಸೆಕೆಂಡಿಗೆ 15,625 ಸಾಲು ಓಡಿಸುವಾಗ ಟ್ರಾನ್ಸ್‌ಫಾರ್ಮರ್ ಅದೇ ಕಂಪನಾಂಕದಲ್ಲಿ ತೆಳ್ಳಗೆ ಸೀಟಿ ಹೊಡೆಯುತ್ತದೆ. ಚಿತ್ರ ಕಾಣುವ ಮೊದಲೇ ಆ ಸೀಟಿ ಕೇಳಿದರೆ ಸೆಟ್ಟಿಗೆ ಜೀವ ಬಂದಂತೆ. ರಿಪೇರಿ ಮಾಡುವವರು ಅರ್ಧ ಕೆಲಸ ಕಿವಿಯಿಂದಲೇ ಮಾಡುತ್ತಾರೆ. ಆದರೆ ಮನುಷ್ಯನಿಗೆ ವಯಸ್ಸಾದಂತೆ ಮೊದಲು ಕಳೆದುಹೋಗುವುದು ಇಂಥ ಎತ್ತರದ ಸ್ವರಗಳೇ. ಉಸ್ತಾದರು ನನ್ನ ಮುಖ ನೋಡಿ ಕೇಳಿದರು: “ಇಂಜನೇರ್ ಸಾಬ್, ಸೀಟಿ ಬಂತಾ?”

ನನಗೆ ಬಹಳ ಸಣ್ಣಗೆ ಕೇಳಿತು. “ಬಂತು” ಎಂದೆ. ಪಕ್ಕದಲ್ಲಿದ್ದ ಆ ಮನೆಯ ಮೊಮ್ಮಗಳು, ಇದೇ ಶಾಲೆಯ ಎಂಟನೆಯ ತರಗತಿ ಹುಡುಗಿ, ಕಿವಿ ಮುಚ್ಚಿಕೊಂಡು, “ಎಷ್ಟ್ ಜೋರ್ ಚೀರ್ಲಾಕತ್ತದ, ನಿಮಗ ಕೇಳ್ಸಂಗಿಲ್ಲೇನ್ರಿ?” ಎಂದಳು. ಉಸ್ತಾದರು ನಕ್ಕು, ಇನ್ನು ಮೇಲೆ ನೀನೇ ನನ್ನ ಕಿವಿ ಎಂದು ಅವಳ ತಲೆ ಸವರಿದರು.

ಟ್ಯೂಬು ಬಿಸಿಯಾಗಿ ಪರದೆಯ ಮೇಲೆ ಬಿಳಿ ಚುಕ್ಕೆಗಳ ಮಳೆ ಬಂತು. ಆ ಚುಕ್ಕೆಗಳಲ್ಲೂ ಒಂದು ವಿಶೇಷವಿದೆ. ಅದರ ಬಹುಪಾಲು ಸೆಟ್ಟಿನದೇ ಮತ್ತು ಸುತ್ತಲಿನ ಗದ್ದಲ. ಆದರೆ ಆಂಟೆನಾ ಹಿಡಿಯುವ ಗದ್ದಲದಲ್ಲಿ ಒಂದು ಸಣ್ಣ ಪಾಲು, ವಿಶ್ವ ಹುಟ್ಟಿದ ಕಾಲದಿಂದ ಆಕಾಶದಲ್ಲೆಲ್ಲ ಹರಡಿರುವ ವಿಕಿರಣದ್ದು. ಪೆಂಝಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಒಂದು ದೊಡ್ಡ ಆಂಟೆನಾದಲ್ಲಿ ಆ ಗದ್ದಲವನ್ನು ಗುರುತಿಸಿ 1978ರಲ್ಲಿ ನೊಬೆಲ್ ಪಡೆದರು. ನಮ್ಮಪ್ಪ ‘ಇರಿವಿ ಓಡ್ಯಾಡ್ಲಾಕತ್ತಾವ’ ಎಂದು ಬೈಯುತ್ತಿದ್ದರಲ್ಲ, ಆ ಇರುವೆಗಳಲ್ಲಿ ಕೆಲವು ಬ್ರಹ್ಮಾಂಡದಷ್ಟೇ ಹಳೆಯವು.

ಈಗ ಆ ಸೆಟ್ಟಿಗೆ ಗಾಳಿಯಲ್ಲಿ ಯಾವ ಕಾರ್ಯಕ್ರಮವೂ ಸಿಗುವುದಿಲ್ಲ. ದೂರದರ್ಶನ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ಹಂತಹಂತವಾಗಿ ನಿಲ್ಲಿಸಿ, ಕೆಲವನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಿತು. ಹಾಗಾಗಿ ಒಂದು ಸಣ್ಣ ಮಾಡ್ಯುಲೇಟರ್ ಇಟ್ಟು, ಅಂದರೆ ಮನೆಯೊಳಗೇ ಒಂದು ಪುಟ್ಟ ಟಿ.ವಿ. ಕೇಂದ್ರ ಮಾಡಿ, ಪೆನ್ ಡ್ರೈವಿನ ಚಿತ್ರವನ್ನು ಸೆಟ್ಟಿಗೆ ಕೊಡಬೇಕು. ನಾನು ರಾಮಾಯಣ ತಂದಿದ್ದೆ. ತಾಯಿ, “ಅದು ನೋಡೀನಿ, ಮಗಳ ಮದುವಿದು ಹಚ್ಚು” ಎಂದರು. ಹಳೆಯ ಕ್ಯಾಸೆಟ್ಟನ್ನು ಮಗ ಮೊದಲೇ ಕಂಪ್ಯೂಟರಿಗೆ ಹಾಕಿಸಿದ್ದ. ಯಜಮಾನರು ತಾವು ಕೊಂಡ ಟಿ.ವಿ.ಯಲ್ಲೇ, ಪಂಕ್ತಿಯಲ್ಲಿ ಊಟಕ್ಕೆ ಕುಳಿತವರ ನಡುವೆ ತುಪ್ಪದ ಗಿಂಡಿ ಹಿಡಿದು ಓಡಾಡಿದರು. ತಾಯಿ ನೋಡಿ, “ಆವತ್ತೂ ಹಂಗೇ. ತಾವ್ ಒಂದು ತುತ್ತು ಉಣಲಿಲ್ಲ” ಎಂದರು. ಯಾರೂ ಬಹಳ ಹೊತ್ತು ಮಾತಾಡಲಿಲ್ಲ. ಉಸ್ತಾದರು ಮಜೂರಿ ತೆಗೆದುಕೊಳ್ಳಲಿಲ್ಲ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಸಿಕೊಂಡು ಹೋದರು.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಹೊಸ ಟಿ.ವಿ.ಯ ಚಿತ್ರ ಎಷ್ಟೋ ಚೆನ್ನ, ಕರೆಂಟೂ ಕಡಿಮೆ ತಿನ್ನುತ್ತದೆ. ಮನೆಯಲ್ಲಿ ಉಪಯೋಗಕ್ಕೆ ಬಾರದ ಹಳೆಯ ಸೆಟ್ಟಿದ್ದರೆ ಎಲ್ಲವನ್ನೂ ಕೂಡಿಟ್ಟುಕೊಳ್ಳಿ ಎಂದೂ ಹೇಳುವುದಿಲ್ಲ. ಆದರೆ ತಿಪ್ಪೆಗೆ ಎಸೆಯಬೇಡಿ, ಟ್ಯೂಬು ಒಡೆಯಬೇಡಿ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಕೊಡಿ. ನನಗೆ ಬೇಕಾದದ್ದು ಪೆಟ್ಟಿಗೆಗಳಲ್ಲ, ಪೆಟ್ಟಿಗೆಯನ್ನು ಬಿಚ್ಚಿ, ಕಾರಣ ಹುಡುಕಿ, ಮತ್ತೆ ಜೋಡಿಸುವ ಬುದ್ಧಿ. ಅದು ಉಸ್ತಾದರಂಥವರ ಕೈಯಲ್ಲಿದೆ. ಅವರ ಇಬ್ಬರು ಮಕ್ಕಳೂ ಬೇರೆ ಉದ್ಯೋಗದಲ್ಲಿದ್ದಾರೆ. ಅಂಗಡಿಯಲ್ಲಿ ಕಲಿಯಲು ಬರುವ ಹುಡುಗರಿಲ್ಲ. ಅವರ ಕಿವಿ ಹೋಯಿತು, ಇನ್ನು ಹತ್ತು ವರ್ಷಕ್ಕೆ ನನ್ನದೂ ಹೋಗುತ್ತದೆ.

ಅದಕ್ಕೆ ಒಂದು ವಿನಂತಿ. ಹಳೆಯ ವಿದ್ಯಾರ್ಥಿಗಳ ಸಂಘ ಈ ಮಹೋತ್ಸವಕ್ಕಾಗಿ ಹಣ ಕೂಡಿಸಿದೆ. ಕಮಾನು ಕಟ್ಟಬೇಕು ಎಂದು ಕೆಲವರು, ಸ್ಮಾರ್ಟ್ ಕ್ಲಾಸ್ ಮಾಡಬೇಕು ಎಂದು ಕೆಲವರು ನಿನ್ನೆ ಮಾತನಾಡಿದರು. ಎರಡೂ ಆಗಲಿ. ಅದರಲ್ಲಿ 20,000 ರೂಪಾಯಿ ಮಾತ್ರ ತೆಗೆದಿಟ್ಟು ವಿಜ್ಞಾನ ಪ್ರಯೋಗಾಲಯದ ಮೂಲೆಯಲ್ಲಿ ಒಂದು ರಿಪೇರಿ ಮೇಜು ಮಾಡೋಣ. ಒಂದು ಗಟ್ಟಿ ಮೇಜು, ಕೆಳಗೆ ರಬ್ಬರ್ ಮ್ಯಾಟು, ಎರಡು ಮಲ್ಟಿಮೀಟರು, ಎರಡು ಸೋಲ್ಡರಿಂಗ್ ಐರನ್, ಸ್ಕ್ರೂ ಡ್ರೈವರುಗಳು, ಸೆಲ್ಲಿನ ಪೆಟ್ಟಿಗೆ. ಸಾಲದೆ ಬಂದದ್ದು ನಾನು ಹಾಕುತ್ತೇನೆ. ಮಕ್ಕಳು ಟಿ.ವಿ. ಮುಟ್ಟುವುದಿಲ್ಲ. ಸೆಲ್ಲಿನಿಂದ ನಡೆಯುವ ಬ್ಯಾಟರಿ, ರೇಡಿಯೋ, ಗಡಿಯಾರ, ಆಟಿಕೆ ಇಷ್ಟರಿಂದ ಶುರು ಮಾಡುತ್ತಾರೆ. ಮೇನ್ಸ್ ಕರೆಂಟಿನ ಹತ್ತಿರ ಹೋಗುವುದು ದೊಡ್ಡವರಾದ ಮೇಲೆ.

ಉಸ್ತಾದರನ್ನು ಕೇಳಿದ್ದೇನೆ. ತಿಂಗಳಿಗೆ ಎರಡು ಶನಿವಾರ ಬರುತ್ತೇನೆ, ಬಸ್ ಚಾರ್ಜು ಕೊಟ್ಟರೆ ಸಾಕು ಎಂದಿದ್ದಾರೆ. ಎರಡು ತಿಂಗಳಿಗೊಮ್ಮೆ ನಾನೂ ಬರುತ್ತೇನೆ. ಮುಖ್ಯಗುರುಗಳ ಮತ್ತು ವಿಜ್ಞಾನ ಶಿಕ್ಷಕರ ಒಪ್ಪಿಗೆ ಬೇಕು, ಸಮಿತಿಯ ಠರಾವು ಬೇಕು. ಈ ಮೇಜಿನಿಂದ ಎಲ್ಲರೂ ಇಂಜಿನಿಯರ್ ಆಗುತ್ತಾರೆ ಎಂದು ನಾನು ಭರವಸೆ ಕೊಡುವುದಿಲ್ಲ. ಕೆಟ್ಟ ವಸ್ತುವನ್ನು ಕಂಡ ಕೂಡಲೇ ‘ಹೋತು, ಒಗೀರಿ’ ಎನ್ನುವ ಮೊದಲು ‘ಎಲ್ಲಿ ಕೆಟ್ಟದ ನೋಡೋಣ’ ಎನ್ನುವ ನಾಲ್ಕು ಮಕ್ಕಳು ಹೊರಬಂದರೂ ನನಗೆ ಸಾಕು. ಮೊದಲ ಹೆಸರು ನಾನಾಗಲೇ ಬರೆದುಕೊಂಡಿದ್ದೇನೆ, ಕಿವಿ ಮುಚ್ಚಿಕೊಂಡ ಆ ಎಂಟನೆಯ ತರಗತಿ ಹುಡುಗಿಯದು.

ಈ ಶಾಲೆಗೆ ನೂರು ತುಂಬಿದಾಗ ಇಲ್ಲಿ ನಿಂತು ಮಾತನಾಡುವವರು ಈಗ ಜಮಖಾನೆಯ ಮೇಲೆ ಕುಳಿತಿದ್ದಾರೆ, ಅವರಿಗೆ ವಂದನೆ.

ಜೈ ಹಿಂದ್, ಜೈ ಕರ್ನಾಟಕ.